ಬ್ರೇಕ್ ಮೇಷ್ಟ್ರ ಕಣ್ಸನ್ನೆ

ಡ್ರೈವಿಂಗ್ ಸ್ಕೂಲಿನ ಕಾರಿಗೆ ಎರಡು ಬ್ರೇಕು. ಒಂದು ಕಲಿಯುವವರ ಕಾಲಿಗೆ, ಇನ್ನೊಂದು ಪಕ್ಕದಲ್ಲಿ ಕೂತ ಮೇಷ್ಟ್ರ ಕಾಲಿಗೆ. ನಮ್ಮ ಬ್ರೇಕ್ ಮೇಷ್ಟ್ರ ಬಲಗಾಲು ವರ್ಷಗಟ್ಟಲೆ ಆ ಎರಡನೆಯ ಬ್ರೇಕಿನ ಮೇಲೇ ಬದುಕಿದ್ದರಿಂದ ಯಜಮಾನನ ಮಾತು ಕೇಳುವುದನ್ನೇ ಬಿಟ್ಟಿತ್ತು. ಕ್ಷೌರದ ಕುರ್ಚಿ ಹಿಂದಕ್ಕೆ ವಾಲಿದರೆ ಒತ್ತುತ್ತಿತ್ತು, ಲಿಫ್ಟ್ ಕೆಳಗಿಳಿದರೆ ಒತ್ತುತ್ತಿತ್ತು. ನಿದ್ದೆಯಲ್ಲೂ ಒತ್ತುತ್ತದೆ ಎಂದು ಅವರ ಹೆಂಡತಿ ಹೇಳುತ್ತಿದ್ದರು. ಏಟು ತಿನ್ನುತ್ತಿದ್ದದ್ದು ಆಕೆಯ ಮೀನಖಂಡ.

ಆಕೆ ಕನ್ನಡಕದಂಗಡಿಯಲ್ಲಿ ಕೆಲಸಕ್ಕಿದ್ದವರು. ದಿನವಿಡೀ ಗಿರಾಕಿಗಳ ಮುಖಕ್ಕೆ ಮುಖ ಕೊಟ್ಟು, ನನ್ನನ್ನೇ ನೋಡಿ ಎನ್ನುತ್ತ ಅಳತೆ ತೆಗೆಯುವುದು. ಮಂಡಿನೋವಿಗೆ ನಡೆಯಿರಿ ಎಂದು ಡಾಕ್ಟರು ಹೇಳಿದಾಗ, ಒಬ್ಬರೇ ನಡೆಯಲು ಬೇಜಾರಾಗಿ, ಮಂಚ ಕುರ್ಚಿ ಮಾರುವ ಅಂಗಡಿಯ ಮೇಲಿನ ಹಾಲಿನಲ್ಲಿ ಟ್ಯಾಂಗೋ ಕ್ಲಾಸಿಗೆ ಸೇರಿದರು. ಅರ್ಜೆಂಟೀನಾದವರ ಆ ಕುಣಿತವೂ ಮುಕ್ಕಾಲು ಪಾಲು ನಡಿಗೆಯೇ, ಜೊತೆಗೊಬ್ಬರು ಇರುತ್ತಾರೆ ಅಷ್ಟೆ. ಮೇಷ್ಟ್ರು ಮೊದಲು ನಕ್ಕರು. ಜೊತೆಗಿರುವವನು ಟೈಲ್ಸ್ ಅಂಗಡಿಯವನು ಎಂದು ಗೊತ್ತಾದ ದಿನ ನಗು ನಿಂತಿತು. ಅವರೂ ಸೇರಿದರು.

ಗಂಡಸು ನಡೆಸಬೇಕು, ಹೆಂಗಸು ಅನುಸರಿಸಬೇಕು ಎಂದು ಟೀಚರಮ್ಮ ಹೇಳಿದ್ದೇ ತಡ, ಮೇಷ್ಟ್ರು ಹಿಗ್ಗಿಹೋದರು. ತಾವು ಹುಟ್ಟಿದ್ದೇ ಇದಕ್ಕೆ. ಬಾಯಲ್ಲಿ ನಡೆಸುವಂತಿಲ್ಲ, ಎದೆಯ ಸಣ್ಣ ಚಲನೆಯಲ್ಲಿ ತಿಳಿಸಬೇಕು ಎಂಬ ಭಾಗ ಮಾತ್ರ ಅವರ ಕಿವಿಗೆ ಬೀಳಲಿಲ್ಲ. ಜೊತೆಗೆ ಸಿಕ್ಕವರ ಕಿವಿಯಲ್ಲಿ ಎಡಕ್ಕೆ, ನಿಧಾನ, ಕಟ್ ಹೊಡೀಬೇಡಿ ಎಂದು ಪಾಠ ಮಾಡುತ್ತಲೇ ಇದ್ದರು. ಜೊತೆಯಾಕೆ ಸ್ವಲ್ಪ ಜೋರಾಗಿ ಹಿಂದಕ್ಕೆ ಸರಿದರೆ ಮೇಷ್ಟ್ರ ಬಲಗಾಲು ದಡಕ್ಕನೆ ಬ್ರೇಕ್ ಹಾಕುತ್ತಿತ್ತು. ಬ್ರೇಕ್ ಇರಬೇಕಾದ ಜಾಗದಲ್ಲಿ ಆಕೆಯ ಕಾಲ್ಬೆರಳುಗಳಿರುತ್ತಿದ್ದವು. ಮೇಷ್ಟ್ರಿಗೆ ಆ ಹೆಸರು ಬಂದದ್ದು ಆಗಲೇ.

ಶನಿವಾರ ಸಂಜೆ ಪಾಠವಿಲ್ಲ, ಎಲ್ಲರೂ ಸೇರಿ ಸುಮ್ಮನೆ ಕುಣಿಯುವ ಕೂಟ. ಅಲ್ಲೊಂದು ಕಟ್ಟಳೆ: ಯಾರನ್ನೂ ಬಾಯಿಬಿಟ್ಟು ಕರೆಯಬಾರದು. ಜೊತೆಗೆ ಬೇಕಾದವರ ಕಣ್ಣನ್ನು ದೂರದಿಂದಲೇ ನೋಡಬೇಕು. ಅವರೂ ನೋಡಿ ತಲೆಯಾಡಿಸಿದರೆ ಎದ್ದು ಹೋಗಬೇಕು. ಮುಖ ತಿರುಗಿಸಿದರೆ ಇಲ್ಲವೆಂದರ್ಥ. ಯಾರ ಮರ್ಯಾದೆಯೂ ಹೋಗುವುದಿಲ್ಲ. ಅದನ್ನು ಕಳೆದುಕೊಳ್ಳಲು ಮೇಷ್ಟ್ರು ಬೇರೆ ದಾರಿ ಹುಡುಕಿಕೊಂಡರು. ಹೆಂಡತಿಯ ಮುಂದೆ ಹೋಗಿ ನಿಂತು, ಕಿಟಕಿಯ ಕಡೆ ನೋಡುತ್ತ, ಏಳು ಎಂದರು. ಆಕೆ ಫ್ಯಾನು ನೋಡಿದರು. ಆಮೇಲೆ ಟೈಲ್ಸಿನವನ ಕಡೆ ನೋಡಿ ತಲೆಯಾಡಿಸಿದರು.

ಮನೆಗೆ ಬಂದು ಬೂಟು ಬಿಚ್ಚುತ್ತ ಮೇಷ್ಟ್ರು ಕೇಳಿದರು: "ಕಟ್ಕೊಂಡ ಹೆಂಡ್ತಿನ ಕರೆಯೋಕೂ ಕಣ್ಣು ಹೊಡೀಬೇಕೇನೇ?"

"ಹೊಡೆಯೋದೇನೂ ಬೇಡ ರೀ, ನೋಡಿದ್ರೆ ಸಾಕು. ಎಲ್ಲಿ, ಈ ಕಡೆ ತಿರುಗದೆ ಹೇಳಿ, ನನ್ನ ಕನ್ನಡಕದ ಫ್ರೇಮು ಯಾವ ಬಣ್ಣ?"

"ಕಂದು."

"ಅದು ಮುರಿದು ವರ್ಷ ಆಯ್ತು. ನೀವು ನೋಡಿ ಕರೆಯೋವರೆಗೆ ನಾನಂತೂ ಏಳಲ್ಲ."

ಮಾತು ನಾಟಿತು. ಬೂಟಿನ ದಾರ ಬಿಟ್ಟು ಕತ್ತೆತ್ತುವ ಧೈರ್ಯ ಬರಲಿಲ್ಲ. ದೇವರು ಕೊಟ್ಟ ಎರಡು ಕಣ್ಣನ್ನೂ ಅವರು ರಸ್ತೆಗೂ ಕನ್ನಡಿಗಳಿಗೂ ಹಂಚಿಬಿಟ್ಟು, ಪಕ್ಕದವರಿಗೆ ಏನೂ ಉಳಿಸಿರಲಿಲ್ಲ. ಮರುದಿನದಿಂದಲೇ ಡ್ರೈವಿಂಗ್ ಕಲಿಯಲು ಬಂದವರ ಮೇಲೆ ನೋಟದ ಅಭ್ಯಾಸ ಶುರುವಾಯಿತು. ಮೇಷ್ಟ್ರು ರೆಪ್ಪೆ ಬಡಿಯದೆ ತಮ್ಮನ್ನೇ ನೋಡುವುದನ್ನು ಕಂಡ ವಕೀಲರೊಬ್ಬರು ಗಾಬರಿಯಾಗಿ ಕಾರನ್ನು ಕಸದ ತೊಟ್ಟಿಗೆ ನುಗ್ಗಿಸಿದರು. ಮೇಷ್ಟ್ರ ಬಲಗಾಲು ಆ ಹೊತ್ತು ಬ್ರೇಕ್ ಮರೆತಿತ್ತು.

ಮುಂದಿನ ಶನಿವಾರ ಅವರಿಗೆ ಧೈರ್ಯ ಕೊಟ್ಟದ್ದು ಹಾಲಿನ ಗೋಡೆಯ ದೊಡ್ಡ ಕನ್ನಡಿ. ಹೆಂಡತಿಗೆ ಬೆನ್ನು ಹಾಕಿ ಕೂತು, ಹಿಂದೆ ಬರುವ ಲಾರಿ ನೋಡುವ ಹಾಗೆ ಕನ್ನಡಿಯಲ್ಲಿ ಆಕೆಯನ್ನು ನೋಡಿದರು. ಆಕೆ ತಲೆಯಾಡಿಸಿದರು. ಮೇಷ್ಟ್ರು ಅಂಗಿ ಸರಿಮಾಡಿಕೊಂಡು ಎದ್ದು, ತಿರುಗಿ, ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಟೈಲ್ಸಿನವನು ಆಕೆಯ ಕೈ ಹಿಡಿದಾಗಿತ್ತು. ಸನ್ನೆ ಹೋದದ್ದು ಅವನಿಗೆ.

ನಡುರಸ್ತೆಯಲ್ಲಿ ಕೆಟ್ಟ ಗಾಡಿಯಂತೆ ಮೇಷ್ಟ್ರು ನಿಂತುಬಿಟ್ಟರು. ಜೋಡಿಗಳು ಬಳಸಿಕೊಂಡು ಹೋದವು. ಬೇರೆಲ್ಲೂ ನೋಡಲು ಮುಖವಿಲ್ಲದೆ ಹೆಂಡತಿಯನ್ನೇ ನೋಡಿದರು, ಕನ್ನಡಿಯಿಲ್ಲದೆ. ಫ್ರೇಮು ನೀಲಿ. ಕುಣಿಯುವಾಗ ಆಕೆ ಕೆಳತುಟಿ ಕಚ್ಚಿಕೊಳ್ಳುತ್ತಾರೆ. ಕಿವಿಯ ಮೇಲೆ ನರೆ ಬಂದಿದೆ, ಅದು ಬಂದದ್ದು ಯಾವಾಗಲೋ.

ಸಂಗೀತ ನಿಂತು ಆಕೆ ಕೂತಾಗಲೂ ಅವರು ನೋಡುತ್ತಲೇ ಇದ್ದರು. ಗಿರಾಕಿಯ ಅಳತೆ ತೆಗೆಯುವಷ್ಟು ಹೊತ್ತು ಆಕೆಯೂ ನೋಡಿದರು. ಆಮೇಲೆ ತಲೆಯಾಡಿಸಿದರು.

ಮೇಷ್ಟ್ರು ಹಿಂದೆ ಯಾರಿದ್ದಾರೆಂದು ತಿರುಗಿ ನೋಡಿದರು. ಯಾರೂ ಇರಲಿಲ್ಲ.

"ನೀಲಿ," ಎಂದರು ಹತ್ತಿರ ಬಂದು.

"ಮಾತು ಬೇಡ. ನಡೆಸಿ," ಎಂದರು ಆಕೆ.

ಮರುದಿನ ಆಕೆ ಅಂಗಡಿಗೆ ಕುಂಟುತ್ತ ಬಂದರು. ಏನಾಯಿತೆಂದು ಕೇಳಿದವರಿಗೆ, ಮನೆಯವರ ಜೊತೆ ಕುಣಿದೆ ಎಂದರು. ಯಾರೂ ನಂಬಲಿಲ್ಲ.