ಗೋಡೆಗೆ ತೂಗಿದ ಹ್ಯಾಂಡಲ್

ನಮ್ಮ ಅತ್ತಿಗೆಯ ಹಿಟ್ಟಿನ ಗಿರಣಿಯ ಗೋಡೆಗೆ ಒಂದು ಕಬ್ಬಿಣದ ಹ್ಯಾಂಡಲ್ ತೂಗುತ್ತದೆ. ಹಳೆಯ ಡೀಸೆಲ್ ಇಂಜಿನ್ ತಿರುಗಿಸಲು ಇದ್ದದ್ದು. ಒಂದು ಬೆಳಿಗ್ಗೆ ಅದು ಹಿಂದಕ್ಕೆ ಒದ್ದು ನಮ್ಮಣ್ಣನ ಹಣೆ ಸೀಳಿತು. ಹಿಟ್ಟಿನಲ್ಲಿ ಬಿದ್ದವನು ಮೇಲೇಳಲಿಲ್ಲ.

ಅಣ್ಣ ತೀರಿಕೊಂಡ ತಿಂಗಳೇ ಅತ್ತಿಗೆ ನನ್ನನ್ನು ಕರೆಸಿದರು. "ಈ ಎಣ್ಣೆ ಇವತ್ತಲ್ಲ ನಾಳೆ ನಿಲ್ಲುತ್ತೆ ಕಣಪ್ಪಾ. ಈಗಲೇ ಬಿಸಿಲಿನ ಕರೆಂಟಿಗೆ ದಾರಿ ನೋಡ್ಕೋಬೇಕು. ನೀನೂ ಸೇರ್ಕೋ."

ಬೀದಿಯ ಆ ತುದಿಯಲ್ಲಿ ನನ್ನದೂ ಡೀಸೆಲ್ ಗಿರಣಿ. "ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸ್ತೀರಲ್ಲ ಅತ್ತಿಗೆ!" ಎಂದು ನಕ್ಕೆ.

ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. ವರ್ಷಕ್ಕೆರಡು ಸೋಲಾರ್ ಫಲಕ ಛಾವಣಿಗೆ ಏರಿದವು. ವೈರಿಂಗ್ ತಾವೇ ಕಲಿತರು, ಕೈ ಸುಟ್ಟುಕೊಂಡು ಬೈದುಕೊಂಡು ಮತ್ತೆ ಕಲಿತರು. ಐದನೆಯ ವರ್ಷ ಇಂಜಿನ್ ಮಾರಿ ಮೋಟಾರ್ ಕೂರಿಸಿದರು. ಹ್ಯಾಂಡಲ್ ಮಾತ್ರ ಕೊಡಲಿಲ್ಲ. "ಇದು ಕಣ್ಣೆದುರಿಗೆ ಇರಲಿ. ಮರೆತರೆ ಮತ್ತೆ ಆ ಎಣ್ಣೆ ಇಂಜಿನ್ನಿನ ಕಾಲಿಗೇ ಬೀಳ್ತೀನಿ" ಎನ್ನುತ್ತಿದ್ದರು.

ಮೂರು ವರ್ಷ ಕಳೆದ ಮೇಲೆ ಡೀಸೆಲ್ ಬರುವುದು ನಿಂತೇ ಹೋಯಿತು. ಇಪ್ಪತ್ತು ದಿನ. ಬಂಕಿನಲ್ಲಿ ಒಂದು ಕ್ಯಾನಿಗಾಗಿ ಒಬ್ಬನ ಕಿವಿ ಹರಿದರು. ನನ್ನ ಗಿರಣಿಗೆ ಬೀಗ ಬಿತ್ತು, ಅತ್ತಿಗೆಯದು ಓಡುತ್ತಿತ್ತು. "ಎಣ್ಣೆ ಇಲ್ಲದೆ ಗಿರಣಿ ಓಡುತ್ತಾ? ಡ್ರಮ್ಮು ಬಚ್ಚಿಟ್ಟಿದ್ದಾಳೆ!" ಎಂದು ಬೀದಿಯಲ್ಲಿ ಕೂಗಿದವನು ನಾನೇ. ಫಲಕಗಳು ಎಲ್ಲರ ಕಣ್ಣೆದುರಿಗೇ ಇದ್ದವು. ಲಾರಿಗಳಿಲ್ಲದೆ ಅಂಗಡಿಗಳು ಖಾಲಿ, ಜನ ಹಸಿದಿದ್ದರು, ನಂಬಿದರು. ನನಗಿದ್ದದ್ದು ಹಸಿವಲ್ಲ, ಹೊಟ್ಟೆಕಿಚ್ಚು.

ಮಧ್ಯಾಹ್ನ ನಲವತ್ತು ಜನ ಬಾಗಿಲು ಒಡೆದೆವು. ಕಲ್ಲು ಬಿದ್ದು ಫಲಕಗಳು ಸಿಡಿದವು. ಒಬ್ಬ ಗುದ್ದಲಿಯಿಂದ ಬ್ಯಾಟರಿ ಒಡೆದ. ಆಸಿಡ್ ಕಾಲಿಗೆ ಚೆಲ್ಲಿ ಅವನು ಕಿರುಚುತ್ತಿದ್ದರೆ ಉಳಿದವರು ಅವನನ್ನೇ ತುಳಿದುಕೊಂಡು ಒಳನುಗ್ಗಿದರು. ಮೂಲೆಯಲ್ಲಿ ಡ್ರಮ್ಮು ಸಿಕ್ಕಿತು. ಉರುಳಿಸಿದರೆ ಬರೀ ಮರಳು, ಬೆಂಕಿ ಆರಿಸಲು ತುಂಬಿಟ್ಟದ್ದು. ಅದಕ್ಕೇ ಇನ್ನೂ ಸಿಟ್ಟು ನೆತ್ತಿಗೇರಿತು.

ಅತ್ತಿಗೆ ಮೋಟಾರಿಗೆ ಅಡ್ಡ ನಿಂತಿದ್ದರು. "ಇದೊಂದು ಬಿಡ್ರೋ! ನಾಳೆ ನಿಮ್ಮ ಮಕ್ಕಳಿಗೇ ಹಿಟ್ಟು ಬೇಕು!"

ನಾನು ಗೋಡೆಯಿಂದ ಹ್ಯಾಂಡಲ್ ಕಿತ್ತುಕೊಂಡೆ. ಮೊದಲ ಏಟು ಮೋಟಾರಿಗೆಂದು ಬೀಸಿದ್ದೆ, ಅವರು ಬಲಗೈ ಅಡ್ಡ ಕೊಟ್ಟರು. ಎರಡನೆಯ ಏಟು ಕೈಗೆಂದೇ ಬೀಸಿದೆ. ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ಗುಂಪಿಗೂ ಕೇಳಿಸಿರಬೇಕು, ಒಬ್ಬೊಬ್ಬರಾಗಿ ಜಾರಿಕೊಂಡರು.

ಆಸ್ಪತ್ರೆಗೆ ಹೊತ್ತು ತಂದವನೂ ನಾನೇ. ನಾಚಿಕೆಯಿಂದ ಸಾಯಬೇಕೆನಿಸಿತ್ತು.

"ಹೇಗಾಯ್ತಮ್ಮ ಇದು?" ಡಾಕ್ಟರು ಕೇಳಿದರು.

ಅತ್ತಿಗೆ ನನ್ನ ಮುಖವನ್ನೇ ನೋಡಿದರು. "ಇಂಜಿನ್ ಹ್ಯಾಂಡಲ್ ಒದೀತು ಡಾಕ್ಟ್ರೇ."

ಆ ಗಿರಣಿಯಲ್ಲಿ ಇಂಜಿನ್ ಇಲ್ಲದೆ ಮೂರು ವರ್ಷವಾಗಿತ್ತು.

ಪಟ್ಟಿ ಕಟ್ಟಿ ಡಾಕ್ಟರು ಆಚೆ ಹೋದ ಮೇಲೆ ಅವರು ಹೇಳಿದರು: "ನಾಲ್ಕು ಫಲಕ ಉಳಿದಿರಬೇಕು. ನನ್ನ ಕೈಯಂತೂ ಹೋಯ್ತು. ಬೆಳಿಗ್ಗೆ ಬಂದು ನೀನೇ ವೈರ್ ಜೋಡಿಸು, ನಾನು ಹೇಳಿಕೊಡ್ತೀನಿ. ಬರೋವಾಗ ಆ ಹ್ಯಾಂಡಲ್ ತೊಳೆದು ಗೋಡೆಗೆ ಹಾಕು."