ದವಾಖಾನಿ ಸ್ಟಾಪ್

ಇಚಲಕರಂಜಿಯ ಹೊರಗ ಸರಕಾರದವರು ಹೊಸಾ ವಸಾಹತ್ತು ಮಾಡಿದಾಗ ನಮ್ಮ ಪ್ಲಾಟ್ ಆರಿಸಿದಾಕಿ ನಾನ. ಆಫೀಸಿನ ಗ್ವಾಡಿಗೆ ಹಚ್ಚಿದ ನಕಾಶಿಯೊಳಗ ಸಾಲಿ, ಗಾರ್ಡನ್, ಬಜಾರ ಎಲ್ಲಾ ಬಣ್ಣಬಣ್ಣದಾಗ ಇದ್ದುವು. ನನ್ನ ಕಣ್ಣಿಗೆ ಬಿದ್ದದ್ದು ದವಾಖಾನಿ ಒಂದ. ನಮ್ಮ ಮನಿಯವರು ಸಣ್ಣಂದಿನಿಂದ ಮಗ್ಗದ ಶೆಡ್ಡಿನ್ಯಾಗ ಹತ್ತಿ ಧೂಳು ಕುಡದವರು, ನಾಕ ಹೆಜ್ಜಿ ನಡದ್ರ ತೇಕತಿದ್ರು. "ದವಾಖಾನಿ ಎದುರಿಂದ ಕೊಡ್ರಿ ಸಾಹೇಬ್ರ," ಅಂತ ಹಟಾ ಹಿಡದು ತಗೊಂಡೆ. ಮನಿಯವರು ನಕ್ಕರು: "ನನ್ನ ಹಾಸಗಿ ಸುದ್ದಾ ರಸ್ತೆ ದಾಟಿಸಿ ದವಾಖಾನ್ಯಾಗ ಹಾಕಾಕಿ ಏನ?"

"ಹೌದ್ರಿ, ಹಂಗ ಮಾಡಾಕಿ," ಅಂದೆ.

ರಸ್ತೆ ಬಂತು, ಲೈಟಿನ ಕಂಬ ಬಂದುವು, ಬಸ್ಸೂ ಬಂತು. ದವಾಖಾನಿ ಜಾಗಾಕ್ಕ ಬೋರ್ಡ್ ಅಷ್ಟ ಬಂತು. ಬಸ್ಸು ಆ ಬೋರ್ಡಿನ ಮುಂದ ನಿಲ್ಲತಿತ್ತು, ಕಂಡಕ್ಟರು ಅದಕ್ಕ ದವಾಖಾನಿ ಸ್ಟಾಪ್ ಅಂದ್ರು. ಹೆಸರು ಕೇಳಿ ಹಳ್ಳಿ ಮಂದಿ ಇಳಿಯಾಕತ್ತಿದ್ರು. ಗಡಹಿಂಗ್ಲಜ ಕಡೆಯಾಕಿ ಒಬ್ಬಾಕಿ ಬಸುರಿ ಮಗಳ ಕೈ ಹಿಡಕೊಂಡು ಇಳದು, ಹುಲ್ಲಿನ್ಯಾಗ ನಿಂತು, "ದವಾಖಾನಾ ಕುಠೆ ಆಹೆ?" ಅಂತ ಮರಾಠಿಯೊಳಗ ದವಾಖಾನಿ ಎಲ್ಲೈತಿ ಅಂತ ನನ್ನ ಕೇಳಿದ್ಲು. ನೀರು ಕೊಟ್ಟು ಕೊಲ್ಹಾಪುರದ ಬಸ್ಸಿಗೆ ಹತ್ತಿಸಿದೆ. ಮನಿಯವರು ಕಟ್ಟಿ ಮ್ಯಾಲ ಕುಂತು, "ನೀನ ಡಾಕ್ಟರಾಗ ಬಿಡು, ಪೇಶಂಟ್ ಅಂತೂ ಬರಾಕತ್ತಾರ," ಅಂತ ನಗತಿದ್ರು. ನಕ್ಕ ಮ್ಯಾಲ ಭಾಳೊತ್ತು ಕೆಮ್ಮತಿದ್ರು.

ಆಫೀಸಿನ್ಯಾಗ ಹೊಸಾ ನಕಾಶಿ ಹಚ್ಚ್ಯಾರಂತ ಓಡಿ ಹೋಗಿ ನೋಡಿದೆ. ಆ ಜಾಗಾಕ್ಕ ಬ್ಯಾರೆ ಬಣ್ಣ ಬಳದಿದ್ರು.

"ದವಾಖಾನಿ ಎಲ್ಲಿ ಹೋತ್ರಿ?"

"ಎರಡನೇ ಹಂತದಾಗ ಐತಿ, ಬಾಯಿ. ಊರು ಬೆಳೀಲಿ," ಅಂದ್ರು ಸಾಹೇಬ್ರು.

ಹಂತಾ ಅಂತ ಹಂತಾ! ಊರು ಬೆಳೆಯೂ ತನಕಾ ಅವರು ಕುರ್ಚಿ ಮ್ಯಾಲ ಕುಂತು ಕಾಯತಾರ. ನನ್ನ ಗಂಡನ ಉಸಿರು ಕಾಯತೈತೇನು? ಆದ್ರ ಮನೀಗೆ ಬಂದು, "ಬರತೈತಂತ್ರಿ," ಅಂದೆ.

ಹೋದ ಬ್ಯಾಸಗಿ ಒಂದ ಮಧ್ಯಾಹ್ನ ಅವರ ತುಟಿ ನೀಲಿ ಆದುವು. ಗಾಡಿ ಸಿಗೂದರಾಗ ಹೊತ್ತಾತು. ಕೊಲ್ಹಾಪುರದ ದವಾಖಾನಿ ಬಾಗಲದಾಗ ಡಾಕ್ಟರು ನಾಡಿ ಹಿಡದು ನೋಡಿ, "ಸ್ವಲ್ಪ ಮೊದಲ ತಂದಿದ್ರ..." ಅಂತ ಹಿಡದ ಕೈ ಮೆಲ್ಲಕ ಕೆಳಗಿಟ್ರು.

ಅವರ ಊರು ಹಲಕರ್ಣಿಯೊಳಗ ಮಣ್ಣು ಮಾಡಿ, ಒಬ್ಬಾಕೀನ ಬಸ್ಸಿನ್ಯಾಗ ಹೊಳ್ಳಿ ಬಂದೆ. ನಮ್ಮ ವಸಾಹತ್ತು ಬಂದ್ರೂ ಸೀಟಿನಿಂದ ಏಳಾಕ ಆಗಲಿಲ್ಲ. ಕಂಡಕ್ಟರ ಹಿಂದ ತಿರುಗಿ ಒದರಿದ: "ದವಾಖಾನಿ ಬಂತು, ದವಾಖಾನಿ! ಇಳೀಬೇ ಯವ್ವಾ, ಲಗೂ ಇಳಿ!"

ಇಳದೆ. ಮತ್ತೆಲ್ಲಿಗೆ ಹೋಗ್ಲಿ, ನನ್ನ ಮನಿ ಅಲ್ಲೇ ಐತಿ.