ಓಡಿಸದ ಸ್ಕ್ರಿಪ್ಟಿಗೆ ಒಂದು ಹೆಬ್ಬೆರಳು

ನಾನು ಅದನ್ನು ಓಡಿಸಲಿಲ್ಲ.

ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಧೈರ್ಯ ಸಾಲದೆ ಹೋದೀತು. ತಂಗಿ ಶೈಲಾ ಮೆಸೇಜಿನಲ್ಲಿ ಒಂದು ಫೈಲ್ ಕಳಿಸಿ, "ಅಣ್ಣಾ, ಅಂಗಡ್ಯಾಗಿನ ಹಳೇ ಕಂಪ್ಯೂಟರ್‌ನ್ಯಾಗ ಇದನ್ನ ಒಮ್ಮೆ ಓಡಿಸಿ, ಏನ್ ಬರ್ತೈತಿ ಹೇಳು" ಅಂದಿದ್ದಳು. ಚಹಾ ಆರುವುದರೊಳಗೆ ಮುಗಿಯುವ ಕೆಲಸ. ನಾನು ಫೈಲನ್ನು ಮುಟ್ಟಲೂ ಇಲ್ಲ. ಹೆಬ್ಬೆರಳಿನ ಚಿತ್ರ ಒತ್ತಿ ಕಳಿಸಿದೆ.

ಅಷ್ಟಕ್ಕೇ ನಿಂತಿದ್ದರೂ ಚೆನ್ನಾಗಿತ್ತು. ಅವಳು ಫೋನ್ ಮಾಡಿದಳು.

"ತಪ್ಪು ರಿಪೋರ್ಟ್ ಒಂದು ಬೇಕಂತಲೇ ಇಟ್ಟಿದ್ನಲ್ಲಾ, ಅದನ್ನ ಹಿಡೀತೇನು?"

"ಹಿಡೀತವಾ. ಝಟ್ ಅಂತ ಹಿಡೀತು."

ಆ 'ಝಟ್ ಅಂತ' ಎಲ್ಲಿಂದ ಬಂತು ಹೇಳಿ? ಸುಳ್ಳಿಗೆ ಒಗ್ಗರಣೆ ಹಾಕುವುದನ್ನು ಯಾರೂ ಯಾರಿಗೂ ಕಲಿಸಬೇಕಾಗಿಲ್ಲ.

ಲಿಂಗಂಪಲ್ಲಿ ಸ್ಟೇಷನ್ ಹತ್ತಿರದ ನನ್ನ ಝೆರಾಕ್ಸ್ ಅಂಗಡಿ ನಿಮ್ಮಲ್ಲಿ ಹಲವರಿಗೆ ಗೊತ್ತು. ಏಳನೇ ತರಗತಿಗೆ ಶಾಲೆ ಬಿಟ್ಟವನು ನಾನು. ಕನ್ನಡ ಟೈಪಿಂಗ್ ಕೈಗೆ ಹತ್ತಿದ್ದರಿಂದ ಲಗ್ನಪತ್ರಿಕೆ ಮಾಡುತ್ತೇನೆ, ಈ ಪತ್ರಿಕೆಗೆ ವಾರಕ್ಕೊಮ್ಮೆ ಬರೆಯುತ್ತೇನೆ. ಮತ್ತು ಈ ಊರಲ್ಲಿ ಇಷ್ಟು ವರ್ಷ ಗಲ್ಲಾ ಮುಂದೆ ನಿಂತು ಒಂದು ವಿದ್ಯೆ ಚೆನ್ನಾಗಿ ಕಲಿತಿದ್ದೇನೆ. ಆಗದ ಕೆಲಸವನ್ನು ಆಗಿದೆ ಅನ್ನುವುದು. ಅದೂ ಮೂರು ಭಾಷೆಯಲ್ಲಿ! "ಹೋಗಯಾ ಭಾಯ್." "ಅಯಿಪೋಯಿಂದಿ ಸಾರ್." "ಆತ್ರಿ, ಹೊಂಟೈತ್ರಿ." (ಪ್ರಿಂಟರಿನ ಸ್ವಿಚ್ಚೇ ಹಾಕಿರುವುದಿಲ್ಲ.)

ನಾನೊಬ್ಬನೇ ಏನು? ಮನೆಯಲ್ಲೇ ಚಪ್ಪಲಿ ಹುಡುಕುತ್ತಾ ಫೋನಿನಲ್ಲಿ "ಮಿಯಾಪುರ ದಾಟೀನ್ರಿ" ಅನ್ನದವರು ನಿಮ್ಮಲ್ಲಿ ಯಾರಿದ್ದೀರಿ, ಕೈ ಎತ್ತಿ. ಹೇಳುವವನಿಗೂ ಗೊತ್ತು, ಕೇಳುವವನಿಗೂ ಗೊತ್ತು. ಅದಕ್ಕೇ ಅದು ಸುಳ್ಳು ಅಂತ ಅನ್ನಿಸುವುದೇ ಇಲ್ಲ. ಆದರೆ ಶೈಲಾ ನಂಬಿದಳು. ಅವಳ ಕೆಲಸವೇ ಅಂಥದ್ದು. 'ಆಗಿದೆ' ಅಂದರೆ ಆಗಿರಬೇಕು.

ಆ ಕೆಲಸ ಏನೆಂದು ಹೇಳಿಬಿಡುತ್ತೇನೆ. ಶೈಲಾ ಡಿಪ್ಲೊಮಾ ಮುಗಿಸಿ ನಮ್ಮ ಮನೆಯಲ್ಲೇ ಇದ್ದು ಒಂದು ಸಣ್ಣ ಕಂಪನಿಗೆ ಹೋಗುತ್ತಾಳೆ. ಇನ್ನೂ ಕಾಯಂ ಆಗಿಲ್ಲ. ರಕ್ತಪರೀಕ್ಷೆ ಮಾಡುವ ಲ್ಯಾಬ್‌ಗಳಿಗೆ ರಿಪೋರ್ಟ್ ಛಾಪಿಸಿ ಕೊಡುವ ಸಾಫ್ಟ್‌ವೇರ್ ಅವರದು. ಅದು ಸರಿಯಾಗಿದೆಯೋ ಇಲ್ಲವೋ ಅಂತ ಪರೀಕ್ಷೆ ಮಾಡುವವಳು ಇವಳು. ಒಂದೊಂದೇ ಪರೀಕ್ಷೆಯನ್ನು ದಿನಾ ಕೈಯಿಂದ ಮಾಡುತ್ತಾ ಕೂತರೆ ಮುಗಿಯುತ್ತದೆಯೇ? ಅದಕ್ಕೆ ಶೆಲ್ ಸ್ಕ್ರಿಪ್ಟ್ ಬರೆಯುತ್ತಾಳೆ. ಅಂದರೆ ಕಂಪ್ಯೂಟರಿಗೆ ಕೊಡುವ ಆದೇಶಗಳ ಸಾಲು. ಒಮ್ಮೆ ಓಡಿಸಿದರೆ ಎಲ್ಲ ಪರೀಕ್ಷೆಗಳನ್ನೂ ಅದೇ ಮಾಡಿ, ಕೊನೆಗೆ ಪಾಸೋ ಫೇಲೋ ಅಂತ ಹೇಳುತ್ತದೆ.

ಕಷ್ಟ ಇರುವುದು ಬೇರೆ ಕಡೆ. ಆ ಸ್ಕ್ರಿಪ್ಟ್ ಅವಳ ಲ್ಯಾಪ್‌ಟಾಪಿನಲ್ಲಿ ಓಡಿದರೆ ಸಾಲದು. ಯಾವ ಲ್ಯಾಬಿನ ಯಾವ ಕಂಪ್ಯೂಟರಿನಲ್ಲೂ ಅದೇ ಉತ್ತರ ಕೊಡಬೇಕು. ಇದು ನನಗೆ ತಕ್ಷಣ ಅರ್ಥವಾಯಿತು. ಮನೆಯಲ್ಲಿ ಚಂದವಾಗಿ ಮಾಡಿದ ಲಗ್ನಪತ್ರಿಕೆಯನ್ನು ಪೆನ್‌ಡ್ರೈವ್‌ನಲ್ಲಿ ತರುತ್ತೀರಿ. ನನ್ನ ಅಂಗಡಿಯಲ್ಲಿ ತೆರೆದರೆ ವರನ ಹೆಸರಿನ ಜಾಗದಲ್ಲಿ ಸಾಲಾಗಿ ಚೌಕ ಡಬ್ಬಿಗಳು! ನಿಮ್ಮಲ್ಲಿದ್ದ ಫಾಂಟ್ ನನ್ನಲ್ಲಿಲ್ಲ. ಹಾಗೇ ಇದು.

ನನ್ನ ಅಂಗಡಿಯ ಮೂಲೆಯಲ್ಲಿರುವ ಹಳೇ ಕಂಪ್ಯೂಟರಿಗೆ ಶೈಲಾನೇ ಲಿನಕ್ಸ್ ಅನ್ನುವ, ಕಂಪ್ಯೂಟರ್ ನಡೆಸುವ ಸಾಫ್ಟ್‌ವೇರ್ ಹಾಕಿಕೊಟ್ಟಿದ್ದಳು. ಲ್ಯಾಬ್‌ಗಳಲ್ಲಿ ಇರುವುದೂ ಅದೇ. ಅವಳ ಲ್ಯಾಪ್‌ಟಾಪಿನದು ಬೇರೆ ಜಾತಿ. ಆದ್ದರಿಂದ ಲ್ಯಾಬಿಗೆ ಹೋಗುವ ಮುಂಚೆ ಅಣ್ಣನ ಹತ್ತಿರ ಒಮ್ಮೆ ನೋಡಿಕೊಳ್ಳೋಣ ಅಂತ ಫೈಲ್ ಕಳಿಸಿದ್ದು.

ಅಣ್ಣ ಹೆಬ್ಬೆರಳು ಕಳಿಸಿದ.

ಶುಕ್ರವಾರ ಕುಷಾಯಿಗೂಡದ ಒಂದು ಲ್ಯಾಬಿನಲ್ಲಿ ಅವಳ ಸ್ಕ್ರಿಪ್ಟ್ ಓಡಿಸಿ ತೋರಿಸುವುದಿತ್ತು. ಅವಳ ಟೀಮ್ ಲೀಡ್ ಖಡಕ್ ಹೆಣ್ಣುಮಗಳು. ನಡುವೆ ಒಂದು ತಪ್ಪು ರಿಪೋರ್ಟ್ ಇಟ್ಟಳು. ಕೂಸಿನ ರಿಪೋರ್ಟಿನಲ್ಲಿ ದೊಡ್ಡವರ ಹಿಮೋಗ್ಲೋಬಿನ್ ಅಳತೆ. ಸ್ಕ್ರಿಪ್ಟ್ ಓಡಿತು. ಪರದೆಯ ಮೇಲೆ ಬಂತು: ಎಲ್ಲಾ ಪಾಸ್.

ಎಲ್ಲರೂ ಶೈಲಾಳ ಮುಖ ನೋಡಿದರಂತೆ.

"ತಪ್ಪು ಹಿಡಿಯದ ಟೆಸ್ಟ್ ಇದ್ದರೆಷ್ಟು, ಬಿಟ್ಟರೆಷ್ಟು?" ಅಂದಳಂತೆ ಆ ಲೀಡ್. ಸೋಮವಾರ ಸಂಜೆಯೊಳಗೆ ಕಾರಣ ಹುಡುಕಿ ಸರಿಮಾಡಬೇಕು. ಇಲ್ಲದಿದ್ದರೆ ಈ ಕೆಲಸ ಬೇರೆಯವರ ಪಾಲು. ಕಾಯಂ ಆಗುವ ಮಾತನ್ನು ಆಮೇಲೆ ಯಾರು ಎತ್ತುತ್ತಾರೆ?

ಶನಿವಾರ ಮನೆಯಲ್ಲಿ ಅವಳು ಲ್ಯಾಪ್‌ಟಾಪ್ ಮುಂದಿನಿಂದ ಏಳಲಿಲ್ಲ. ನನ್ನ ಹೆಂಡತಿ ಮಹಾದೇವಿ ಬಂದು, "ತಾಟಿನ್ಯಾಗಿನ ರೊಟ್ಟಿ ಹಂಗ ಬಿಟ್ಟಾಳ್ರಿ ನಿಮ್ಮ ತಂಗಿ. ಏನರೆ ಹೇಳ್ರಿ ಆಕಿಗೆ" ಅಂದಳು.

 ಹೋಗಿ ಶೈಲಾಳ ಪಕ್ಕದಲ್ಲಿ ಕೂತೆ.

"ಗೊತ್ತಾಗವಲ್ದು ಅಣ್ಣಾ" ಅಂದಳು. "ಅಲ್ಲಿನೂ ಲಿನಕ್ಸ್, ನಿನ್ನ ಅಂಗಡ್ಯಾಗೂ ಅದೇ ಲಿನಕ್ಸ್. ನಿನ್ನ ಕಡೆ ಹಿಡದೈತಿ, ಅಲ್ಲಿ ಹಿಡಿದಿಲ್ಲ. ಅಂದ್ರ ಲಿನಕ್ಸ್‌ದು ತಪ್ಪಲ್ಲ. ಬ್ಯಾರೆ ಏನೋ ಐತಿ. ಫೈಲ್ ಇಟ್ಟ ಜಾಗಾ ನೋಡಾಕತ್ತೀನಿ, ಹೆಸರು ನೋಡಾಕತ್ತೀನಿ..."



ಗಮನಿಸಿದಿರಾ? ಸರಿಯಾದ ಬಾಗಿಲಿಗೆ ನಾನೇ ಬೀಗ ಹಾಕಿದ್ದೆ. ಅವಳು ಮನೆಯೆಲ್ಲ ಹುಡುಕುತ್ತಿದ್ದಳು, ಆ ಒಂದು ಬಾಗಿಲು ಬಿಟ್ಟು. ಯಾಕೆಂದರೆ ಅಲ್ಲಿ ಅಣ್ಣ ನೋಡಿದ್ದಾನಲ್ಲ! ಅದೂ ಝಟ್ ಅಂತ.

ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. "ನೋಡು, ಸಿಗ್ತೈತಿ" ಅಂತ ಬೆನ್ನು ತಟ್ಟಿ ಎದ್ದುಬಂದೆ. ಅವಳನ್ನು ಓದಿಸಿದವನು ನಾನು. ಓದಿಸಿದವನಿಗೆ ತಪ್ಪು ಒಪ್ಪಿಕೊಳ್ಳುವ ಕೆಲಸವೇ ಇರುವುದಿಲ್ಲ ಅಂತ ನನ್ನೊಳಗೆ ಯಾರೋ ಕೂತು ಹೇಳುತ್ತಿದ್ದ. ನಮ್ಮ ಮನೆಗಳಲ್ಲಿ ಅಣ್ಣಂದಿರು ತಂಗಿಯರಿಗೆ ಸೀರೆ ಕೊಡುತ್ತಾರೆ, ಬುದ್ಧಿ ಕೊಡುತ್ತಾರೆ. ಕ್ಷಮೆ ಕೇಳಿದ್ದನ್ನು ನೀವು ಕಂಡಿದ್ದೀರಾ?

ಭಾನುವಾರ ಬೆಳಿಗ್ಗೆ ಚಹಾ ಕುಡಿಯುವಾಗ ಅವಳು, "ನಾನ ಈ ಕೆಲ್ಸಕ್ಕ ಲಾಯಕ್ ಇಲ್ಲೇನೋ ಅಣ್ಣಾ" ಅಂದಳು. ಇನ್ನು ತಡೆಯಲಾಗಲಿಲ್ಲ. ಬಾಯಿ ಬಿಟ್ಟೆ. ಆದರೆ ಬಂದದ್ದು ಅರ್ಧ ಸತ್ಯ. "ಅವತ್ತು ಅಂಗಡ್ಯಾಗ ಗದ್ದಲ ಭಾಳ ಇತ್ತು ಶೈಲಾ. ಓಡಿಸಿದೆ, ಖರೆ. ಪೂರ್ತಿ ನೋಡಿರ್ಲಿಲ್ಲ ಅಂತ ಕಾಣ್ತೈತಿ."

(ಅಂತ ಕಾಣ್ತೈತಿ! ನನ್ನದೇ ಕಣ್ಣು, ನನ್ನದೇ ಕಂಪ್ಯೂಟರ್. ನೋಡಿದೆನೋ ಇಲ್ಲವೋ ಅಂತ ನನಗೇ ಅನುಮಾನವಂತೆ.)

ಅವಳು ಚಹಾದ ಕಪ್ಪು ಕೆಳಗಿಟ್ಟು ಎದ್ದಳು. "ನಡಿ ಅಂಗಡಿಗೆ" ಅಂದಳು.

ಶಟರ್ ಎತ್ತಿದೆ. ಹಳೇ ಕಂಪ್ಯೂಟರ್ ಗೊರಗೊರ ಅನ್ನುತ್ತಾ ಎದ್ದಿತು. ಅವಳು ಅದರಲ್ಲೇ ನನ್ನ ಮೆಸೇಜುಗಳನ್ನು ತೆರೆದಳು. ಅವಳು ಕಳಿಸಿದ ಫೈಲ್ ಅಲ್ಲೇ ಇತ್ತು. ಅದರ ಪಕ್ಕದಲ್ಲಿ ಡೌನ್‌ಲೋಡ್ ಮಾಡು ಅನ್ನುವ ಬಾಣದ ಗುರುತು ಇನ್ನೂ ಹಾಗೇ ಇತ್ತು. ಒಮ್ಮೆಯಾದರೂ ಇಳಿಸಿಕೊಂಡಿದ್ದರೆ ಆ ಬಾಣ ಅಲ್ಲಿರುತ್ತಿರಲಿಲ್ಲ. ಅದರ ಕೆಳಗೇ ನನ್ನ ಹೆಬ್ಬೆರಳು.

ಅವಳು ಬಾಣ ನೋಡಿದಳು. ನಾನು ಫ್ಯಾನ್ ನೋಡಿದೆ.

ಶೈಲಾ ಫೈಲ್ ಇಳಿಸಿ, ಓಡಿಸಿದಳು. ಬೇಕಂತಲೇ ಇಟ್ಟ ತಪ್ಪು ರಿಪೋರ್ಟ್ ಒಳಗಿದ್ದರೂ ಬಂತು ಉತ್ತರ: ಎಲ್ಲಾ ಪಾಸ್. ಲ್ಯಾಬಿನಲ್ಲಿ ಬಂದ ಹಾಗೇ.

ಕಾರಣ ಸಿಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಪರದೆ ಚಂದ ಕಾಣಲಿ ಅಂತ ಅವಳು ದೋಷದ ಸಂದೇಶಗಳು ಹೊರಗೆ ಬಾರದ ಹಾಗೆ ಮಾಡಿದ್ದಳಂತೆ. ಅದನ್ನು ತೆಗೆದು ಓಡಿಸಿದಾಗ ಸಾಲುಸಾಲು ದೂರುಗಳು ಬಂದವು. ಆಮೇಲೆ ನನಗೆ ಬಿಡಿಸಿ ಹೇಳಿದಳು. ಆದೇಶ ಓದಿ ಕೆಲಸ ಮಾಡುವ ಸಾಫ್ಟ್‌ವೇರಿಗೆ ಶೆಲ್ ಅನ್ನುತ್ತಾರೆ. ಅವಳ ಲ್ಯಾಪ್‌ಟಾಪಿನ ಶೆಲ್ ಹೆಚ್ಚು ಓದಿದ್ದು. ಹೊಸ ನಮೂನೆಯ ಜೋಡಿ ಬ್ರಾಕೆಟ್ ಹಾಕಿ ಪ್ರಶ್ನೆ ಕೇಳಿದರೂ ತಿಳಿಯುತ್ತದೆ. ಅಂಗಡಿಯದು ಕಡಿಮೆ ಓದಿದ್ದು, ನನ್ನ ಹಾಗೆ. "ಇಲ್ಲಿ ತಪ್ಪು ಇದೆಯಾ?" ಅಂತ ಕೇಳಿದರೆ "ನಿನ್ನ ಪ್ರಶ್ನೆಯೇ ನನಗೆ ತಿಳಿಯಲಿಲ್ಲ" ಅಂದಿದೆ. ಸ್ಕ್ರಿಪ್ಟ್ ಅದನ್ನು "ತಪ್ಪಿಲ್ಲ" ಅಂತ ತಿಳಿದು ಪಾಸ್ ಮಾಡಿ ಮುಂದೆ ಹೋಗಿದೆ.

ಆದರೂ ನೋಡಿ, ಆ ಮುದಿ ಕಂಪ್ಯೂಟರ್ ನನಗಿಂತ ವಾಸಿ. ತಿಳಿಯದ್ದನ್ನು ತಿಳಿಯಲಿಲ್ಲ ಅಂದಿತು. ಝಟ್ ಅಂತ ಹಿಡಿದೆ ಅನ್ನಲಿಲ್ಲ.

ಶೈಲಾ ಜೋಡಿ ಬ್ರಾಕೆಟ್‌ಗಳನ್ನೆಲ್ಲ ತೆಗೆದು, ಯಾವ ಶೆಲ್‌ಗೂ ತಿಳಿಯುವ ಹಳೇ ಸರಳ ರೀತಿಯಲ್ಲಿ ಬರೆದಳು. ಪ್ರಶ್ನೆ ಅರ್ಥವಾಗದಿದ್ದರೆ ಅಲ್ಲೇ ನಿಂತು ಕೂಗಬೇಕು, ಪಾಸ್ ಅನ್ನಬಾರದು ಅಂತಲೂ ಸೇರಿಸಿದಳು. ಮತ್ತೆ ಓಡಿಸಿದಳು.

ಫೇಲ್.

"ಬಂತು!" ಅಂತ ಕುರ್ಚಿಯಿಂದ ಹಾರಿ ಎದ್ದಳು. ಫೇಲ್ ಆಗಿದ್ದಕ್ಕೆ ಅಷ್ಟು ಖುಷಿಪಟ್ಟವರನ್ನು ನಾನು ಮೊದಲ ಸಲ ನೋಡಿದ್ದು. ನಾನು ಏಳನೇ ತರಗತಿಯಲ್ಲಿ ಫೇಲ್ ಆದಾಗ ಮನೆಯಲ್ಲಿ ಯಾರೂ ಹೀಗೆ ಹಾರಿರಲಿಲ್ಲ.

ಸೋಮವಾರ ಮತ್ತೆ ಕುಷಾಯಿಗೂಡಕ್ಕೆ ಹೋದರು. ಲೀಡ್ ಹೊಸದೊಂದು ತಪ್ಪು ಇಟ್ಟಳು. ಸ್ಕ್ರಿಪ್ಟ್ ಹಿಡಿಯಿತು. ಕೆಲಸ ಅವಳ ಕೈಯಲ್ಲೇ ಉಳಿಯಿತು. "ಹೋದ ಸಲ ಬೇರೆ ಮಷಿನ್‌ನಲ್ಲಿ ನೋಡಿದ್ದೆ ಅಂದಿದ್ದೆಯಲ್ಲ?" ಅಂತ ಲೀಡ್ ಕೇಳಿದಳಂತೆ. "ಸರಿಯಾಗಿ ನೋಡಿರಲಿಲ್ಲ ಮೇಡಂ, ನನ್ನದೇ ತಪ್ಪು" ಅಂದಳಂತೆ ಶೈಲಾ.

ಇದನ್ನು ಅವಳು ನನಗೆ ಹೇಳಿದ್ದು ಸಂಜೆ ಅಂಗಡಿಯಲ್ಲಿ. ಬಾಣದ ಮಾತು ಎತ್ತಲೇ ಇಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಲೋಕಲ್ ಟ್ರೇನಿನಿಂದ ಇಳಿದ ಜನ ಗಲ್ಲಾ ಮುಂದೆ ಸಾಲು ನಿಂತಿದ್ದರು. ಅವಳು ಬ್ಯಾಗ್ ಹೆಗಲಿಗೆ ಏರಿಸಿ ಮನೆಗೆ ಹೊರಟವಳು ತಿರುಗಿ ಕೇಳಿದಳು.

"ಅಣ್ಣಾ, ಮುಂದಿನ ಸ್ಕ್ರಿಪ್ಟ್ ಈಗಷ್ಟೇ ಕಳ್ಸೀನಿ. ನೋಡಿದೇನು?"

"ಆತು, ನೋಡೀ..." ಅಂದೆ.

ಹೌದು, ಅಂದೆ! ಇಷ್ಟೆಲ್ಲ ಆದಮೇಲೂ ನಾಲಿಗೆ ತನ್ನ ದಾರಿ ತಾನೇ ಹಿಡಿದಿತ್ತು.  ಕೈಯಲ್ಲಿದ್ದ ಕಾಗದದ ಕಟ್ಟು ಕೆಳಗಿಟ್ಟೆ.

"ಯಾಕ್ರಿ, ಏನಾತು?" ಅಂದರು ಸಾಲಿನಲ್ಲಿ ಮುಂದಿದ್ದವರು.

ಅವರೂ ಕೇಳಲಿ ಅಂತಲೇ ಜೋರಾಗಿ ಹೇಳಿದೆ: "ಇಲ್ಲ ಶೈಲಾ, ನೋಡಿಲ್ಲ. ಅವತ್ತೂ ಓಡಿಸಿರ್ಲಿಲ್ಲ, ಓಡಿಸೀನಿ ಅಂತ ಸುಳ್ಳು ಹೇಳಿದ್ದೆ. ನಂದ ತಪ್ಪಾತು ತಂಗೀ, ಕ್ಷಮಿಸು."